ಐದನೆಯ ಟಯರ್

ಮೈದುನ ಜೀಪನ್ನು ಮತ್ತೆ ಮೇಲಿನ ದಾರಿ ಹತ್ತಿಸಬಹುದು ಎಂದು ಅತ್ತೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಟಯರ್‌ಗಳನ್ನು ನಾನೇ ಆರಿಸಬೇಕು.

"ಅವಳು ಕಲ್ಲು ಓದಿದವಳು. ಆ ದಾರಿ ಪೂರ್ತಿ ಕಲ್ಲೇ," ಎಂದು ಮೈದುನನಿಗೆ ಹೇಳಿದರು. ನಾನು ಅಲ್ಲೇ ಕೂತಿದ್ದೆ.

ನಾನು ಓದಿದ್ದು ಭೂವಿಜ್ಞಾನ. ಗಂಡ ಹೋದಾಗ ನಾನು ಅಳಲಿಲ್ಲ. ಕಲ್ಲು ಓದಿ ಓದಿ ಕಲ್ಲೇ ಆಗಿದ್ದಾಳೆ ಎಂದು ನೆಂಟರು ಆಡಿಕೊಂಡದ್ದು ನನ್ನ ಕಿವಿಗೂ ಬಿದ್ದಿತ್ತು. ಅತ್ತೆ ಮಾತ್ರ ಹಾಗೆ ಅಂದಿರಲಿಲ್ಲ.

ಮೇಲಿನ ಊರಿಗೆ ಬಸ್ಸಿಲ್ಲ. ರೋಗಿಗಳು, ಗ್ಯಾಸ್ ಸಿಲಿಂಡರ್, ಶಾಲೆಯ ಮೇಷ್ಟ್ರು ಎಲ್ಲರಿಗೂ ನಮ್ಮ ಜೀಪೇ ಗತಿ. ನಾಲ್ಕೂ ಚಕ್ರ ಎಳೆದರೆ ಮಾತ್ರ ಹತ್ತುವ ದಾರಿ ಅದು. ಅಲ್ಲಿನ ಕಲ್ಲು ಪದರ ಪದರವಾಗಿ ಒಡೆಯುವ ಜಾತಿಯದು. ಒಡೆದ ಅಂಚು ಬ್ಲೇಡಿನ ಹಾಗಿರುತ್ತದೆ. ಅಂಥದೊಂದು ಕಲ್ಲು ಟಯರಿನ ಪಕ್ಕೆಯನ್ನು ಸೀಳಿತು. ಗಂಡ ಇಳಿದು, ಜೀಪಿನ ಹಿಂಬದಿಯಿಂದ ಸ್ಟೆಪ್ನಿ ಬಿಚ್ಚಿ ಬಂಡೆಗೆ ಒರಗಿಸಿ, ಜಾಕ್ ಏರಿಸಿದ. ಜಾಕಿನ ಕೆಳಗಿನ ಮಣ್ಣು ಕುಸಿದು ಜೀಪು ಅವನ ಮೇಲೆ ಬಿತ್ತು. ಜೀಪಿಗೆ ಹೆಚ್ಚೇನೂ ಆಗಲಿಲ್ಲ. ಸ್ಟೆಪ್ನಿ ಒರಗಿಸಿದಲ್ಲೇ ಇತ್ತು, ಒಂದು ಗೀರೂ ಇಲ್ಲದೆ.

ಅಂದಿನಿಂದ ಅದು ನಮ್ಮ ವರಾಂಡದಲ್ಲಿತ್ತು. ಅತ್ತೆ ಎಣ್ಣೆಬಟ್ಟೆಯಲ್ಲಿ ಅದನ್ನು ಒರೆಸಿ ಕರ್ರಗೆ ಹೊಳೆಯುವಂತೆ ಇಟ್ಟಿದ್ದರು. ಬಂದವರು ಯಾರಾದರೂ ಅದರ ಮೇಲೆ ಕೈ ಊರಿದರೆ ಅವರಿಗೆ ಬೇರೆ ಕಡೆ ಕುರ್ಚಿ ಹಾಕುತ್ತಿದ್ದರು.

"ನಾಲ್ಕು ಹೊಸದು ತಗೊಳ್ಳಿ ಸಾಕು," ಎಂದರು. "ಐದನೇದು ಇದೆಯಲ್ಲ. ಅವನ ಕೈ ಕಡೇಲಿ ಹಿಡಿದದ್ದು ಅದನ್ನೇ. ಅದು ಇವನ ಬೆನ್ನಿಗಿರಲಿ."

ಟಯರ್ ಅಂಗಡಿಗೆ ಹೊರಡುವಾಗ ಮೈದುನ ಅದನ್ನು ಮೆಟ್ಟಿಲಿಳಿಸಿ ಉರುಳಿಸಿಕೊಂಡು ಹೋದ. ಇಷ್ಟು ದಿನ ಗೋಡೆಗೆ ತಾಗಿದ್ದ ಅದರ ಮುಖ, ಎಣ್ಣೆ ಕಾಣದ ಮುಖ, ಬಿಸಿಲಿಗೆ ತಿರುಗಿತು. ಪಕ್ಕೆಯ ಸುತ್ತ ಕೂದಲೆಳೆಯಂಥ ಬಿರುಕುಗಳು. ಟಯರಿನ ಮೇಲೆ ಅದು ತಯಾರಾದ ವರ್ಷ ಅಚ್ಚಾಗಿರುತ್ತದೆ, ಓದಿದೆ. ನಮ್ಮ ಮದುವೆಗಿಂತ ಹಳೆಯದು.

ದಾರಿಯುದ್ದಕ್ಕೂ ನಾನು ಬಾಯಿ ಬಿಡಲಿಲ್ಲ. ನಾನು ಸುಮ್ಮನಿರುವುದು ಈಗ ಯಾರಿಗೂ ವಿಶೇಷವಲ್ಲ.

ಅಂಗಡಿಯವನನ್ನು ಎಲ್ಲರೂ ಕರೆಯುವುದು ಗಾಳಿ ಮಾಮ ಎಂದು. ಒಳಗೆ ಸೂರಿನವರೆಗೆ ಟಯರ್ ಪೇರಿಸಿದ್ದ. ಅತ್ತೆಗೆ ಸ್ಟೂಲ್ ಹಾಕಿಕೊಟ್ಟ. ಮೈದುನ ನೇರವಾಗಿ ಹೋಗಿ ನಿಂತದ್ದು ನೆಲ ಕಚ್ಚುವ ದಪ್ಪ ದಪ್ಪ ರಬ್ಬರ್ ಗಟ್ಟುಗಳಿದ್ದ ಒಂದರ ಮುಂದೆ.

"ಅತ್ತಿಗೆ, ಇಲ್ನೋಡಿ. ಹುಲಿ ಪಂಜ ಇದ್ದ ಹಾಗಿದೆ."

"ತಗೋ ಹೀರೋ," ಎಂದ ಗಾಳಿ ಮಾಮ. "ಫೋಟೋ ತೆಗೆಸ್ಕೊಳ್ಳೋಕೆ ಇದಕ್ಕಿಂತ ಒಳ್ಳೇದು ಸಿಗಲ್ಲ."

"ಮಾರೋನೇ ಹೀಗಂದ್ರೆ ಅಂಗಡಿ ನಡೆಯುತ್ತಾ ಮಾಮ?"

"ನೀನು ವಾಪಸ್ ಬಂದ್ರೆ ತಾನೇ ನನ್ನ ಅಂಗಡಿ ನಡೆಯೋದು."

ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಅತ್ತೆ ಕಂಪ್ರೆಸರ್ ಕಡೆ ನೋಡುತ್ತಿದ್ದರು.

"ಅದು ಕೆಸರಿಗೆ," ಎಂದೆ ಮೈದುನನಿಗೆ. "ಗಟ್ಟುಗಳ ನಡುವೆ ಅಷ್ಟು ಜಾಗ ಇದ್ರೆ ನಮ್ಮ ದಾರಿಯ ಚಕ್ಕೆಕಲ್ಲು ಅಲ್ಲೇ ಸಿಕ್ಕಿಹಾಕ್ಕೊಂಡು ಒಳಗೆ ಕೊರೆಯುತ್ತೆ. ಗಟ್ಟುಗಳು ಒತ್ತೊತ್ತಾಗಿರಬೇಕು. ಪಕ್ಕೆ ದಪ್ಪ ಇರಬೇಕು."

ಗಾಳಿ ಮಾಮ ಒಳಗಿನಿಂದ ಬೇರೊಂದು ತಂದ. ನೋಡಲು ಏನೂ ಅಲ್ಲ. ಹೆಬ್ಬೆರಳಿನಿಂದ ಪಕ್ಕೆ ಒತ್ತಿದೆ, ಬಗ್ಗಲಿಲ್ಲ.

"ಮಾಮೂಲಿಗಿಂತ ಒಂದು ಪದರ ಜಾಸ್ತಿ ಇದಕ್ಕೆ," ಎಂದ. "ಆದ್ರೆ ಗಡುಸು ಮೇಡಂ. ಸೊಂಟ ಹಿಡ್ಕೊಳ್ಳುತ್ತೆ."

"ಹಿಡ್ಕೊಳ್ಳಲಿ," ಎಂದರು ಅತ್ತೆ, ಕೂತಲ್ಲಿಂದಲೇ.

"ಸರಿ. ನಾಲ್ಕಾ, ಐದಾ?"

"ನಾಲ್ಕು," ಎಂದರು ಅತ್ತೆ.

"ಐದು," ಎಂದೆ ನಾನು.

ಅಂಗಡಿಯವನು ಇಬ್ಬರ ಮುಖವನ್ನೂ ನೋಡಿ, ಕೆಲಸವಿದ್ದವನಂತೆ ಒಂದು ಸ್ಪ್ಯಾನರ್ ಎತ್ತಿಕೊಂಡ.

"ಐದನೇದು ತಂದಿದ್ದೀವಲ್ಲೇ," ಎಂದರು ಅತ್ತೆ.

"ಅದು ಬೇಡ ಅತ್ತೆ."

"ಬೇಡ ಅಂದ್ರೆ? ಒಂದು ದಿನಾನೂ ಓಡಿಲ್ಲ ಅದು."

"ಓಡದಿದ್ರೂ ಹಳೇದಾಗುತ್ತೆ. ರಬ್ಬರ್ ಸತ್ತಿದೆ."

"ಊರೆಲ್ಲ ಅಂದಾಗ ನಾನು ಅಂದಿರಲಿಲ್ಲ," ಎಂದರು, ದನಿ ಏರಿಸದೆ. "ಈಗ ಅನ್ತೀನಿ. ನೀನು ಕಲ್ಲೇ ಕಣೇ. ಅವನು ಮುಟ್ಟಿದ್ದು ಒಂದಾದ್ರೂ ಉಳೀಲಿ ಅಂತ ನಿನಗೆ ಅನ್ನಿಸಲ್ವಾ?"

ಮೈದುನ ನಡುವೆ ಬಂದ. "ಇರಲಿ ಬಿಡಿ ಅತ್ತಿಗೆ. ಹಿಂದೆ ಸುಮ್ನೆ ನೇತಾಡ್ಕೊಂಡಿರುತ್ತೆ. ನಾನು ಹುಷಾರಾಗಿ ಓಡಿಸ್ತೀನಿ."

"ಅವರೂ ಹುಷಾರಾಗೇ ಓಡಿಸ್ತಿದ್ದರು."

ನಾನು ಹೊರಗೆ ಹೋಗಿ ಸ್ಟೆಪ್ನಿಯನ್ನು ಜೀಪಿನಿಂದ ಎಳೆದು ಉರುಳಿಸಿಕೊಂಡು ಬಂದೆ. ಅತ್ತೆಯ ಕಾಲ ಬಳಿ ನೆಲಕ್ಕೆ ಕೆಡವಿ, ಗಾಳಿ ತೆಗೆಸಿ, ಪಕ್ಕೆಯ ಮೇಲೆ ಮೊಣಕಾಲೂರಿ ಭಾರ ಬಿಟ್ಟೆ. ಬಿರುಕುಗಳು ಬಾಯಿ ತೆರೆದವು. ಅತ್ತೆಯ ಬೆರಳು ಹಿಡಿದು ಒಂದರ ಮೇಲಿಟ್ಟೆ. ಉಗುರು ಒಳಗೆ ಇಳಿಯಿತು.

"ಆ ದಾರೀಲಿ ಇವನೂ ಒಂದು ದಿನ ಪಂಕ್ಚರ್ ಆಗಿ ನಿಲ್ತಾನೆ ಅತ್ತೆ. ಆಗ ಇವನ ಹತ್ತಿರ ಇರೋದು ಇದೊಂದೇ."

ಅತ್ತೆ ಬೆರಳು ತೆಗೆಯಲಿಲ್ಲ. ಬಿರುಕಿನ ಗುಂಟ ಅದನ್ನು ನಿಧಾನವಾಗಿ ಒಂದು ಸುತ್ತು ಎಳೆದರು.

ಗಾಳಿ ಮಾಮ ಬಗ್ಗಿ ಇನ್ನೊಂದು ಮುಖ ಮುಟ್ಟಿ, ಬೆರಳನ್ನು ಮೂಸಿದ. "ಅಯ್ಯೋ, ಇದಕ್ಕೆ ಯಾರು..." ಎಂದು ಶುರುಮಾಡಿ ನನ್ನ ಕಣ್ಣು ನೋಡಿ ನಿಲ್ಲಿಸಿದ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಎಣ್ಣೆ ರಬ್ಬರಿಗೆ ಆಗದು ಎಂಬುದನ್ನು ನಾನು ಅತ್ತೆಗೆ ಇಂದಿಗೂ ಹೇಳಿಲ್ಲ.

"ಐದು ಕೊಡಪ್ಪ," ಎಂದರು ಅತ್ತೆ.

ಅವನು ಹಳೆಯ ಟಯರಿನ ಅಂಚನ್ನು ಸಲಾಕೆಯಿಂದ ಮೀಟಿ ಮೀಟಿ ಬಿಡಿಸಿದ. ಒಳಗಿನ ಕಬ್ಬಿಣದ ರಿಮ್ ಠಣ್ ಎಂದು ನೆಲಕ್ಕೆ ಬಿತ್ತು. ಅತ್ತೆ ಎದ್ದು ನಿಂತರು.

"ಇದನ್ನೂ ಎಸೀತೀಯಾ?"

"ಯಾಕಮ್ಮಾ ಎಸೀಲಿ? ಗಟ್ಟಿಯಾಗಿದೆ. ಇದಕ್ಕೇ ಹೊಸದನ್ನ ಏರಿಸೋದು."

ಇದು ನನಗೆ ಗೊತ್ತಿರದ ಸಂಗತಿಯೇನಲ್ಲ. ಹೇಳಬೇಕೆಂದು ಹೊಳೆದಿರಲಿಲ್ಲ, ಅಷ್ಟೇ. ಅತ್ತೆ ರಿಮ್ಮಿನ ಮೇಲೆ ಅಂಗೈ ಇಟ್ಟು, ಸುತ್ತಲೂ ಒಮ್ಮೆ ಸವರಿ, ಕೈ ತೆಗೆದರು.

"ಹಳೇ ಟಯರ್ ಮನೆಗೆ ತಗೊಂಡು ಹೋಗ್ತೀರಾ?" ಎಂದು ಕೇಳಿದ ಗಾಳಿ ಮಾಮ.

ಅತ್ತೆ ಅದನ್ನು ನೋಡಿದರು. ಮಗನನ್ನು ನೋಡಿದರು.

"ಕೊಯ್ದುಬಿಡು. ನನ್ನೆದುರೇ ಕೊಯ್ಯಿ. ಹೊಳೆಯುತ್ತೆ ಅಂತ ಯಾರಾದ್ರೂ ತಗೊಂಡು ಹೋಗಿ ಗಾಡಿಗೆ ಹಾಕಿಬಿಟ್ಟಾರು."

ಅವನು ಗರಗಸ ತಂದ. ರಬ್ಬರು ಬೇಗ ಕೊಯ್ಯಿಸಿಕೊಳ್ಳಲಿಲ್ಲ. ಒಳಗಿನ ತಂತಿ ಕಿರುಗುಟ್ಟಿತು. ಮುಗಿಯುವವರೆಗೆ ಅತ್ತೆ ಕೂರಲಿಲ್ಲ.

ನನ್ನ ಕೈ ಮೊಣಕೈವರೆಗೆ ಕಪ್ಪಾಗಿತ್ತು. ಅಂಗಡಿಯ ಹಿಂದಿನ ನಲ್ಲಿಯಲ್ಲಿ ಉಜ್ಜುತ್ತ ನಿಂತೆ. ಕಪ್ಪು ಹೋಗಲಿಲ್ಲ. ಅತ್ತೆ ಬಂದು ಸೋಪಿನ ಪುಡಿ ಹಾಕಿ, ನನ್ನ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದು ಉಜ್ಜತೊಡಗಿದರು, ಚಿಕ್ಕ ಮಕ್ಕಳಿಗೆ ತೊಳೆಯುವ ಹಾಗೆ, ಬೆರಳ ಸಂದಿ ಬಿಡದೆ.

"ನಡುಗ್ತಿದೆಯಲ್ಲೇ," ಎಂದರು.

ನೋಡಿಕೊಂಡೆ. ಹೌದು.

ಅವರು ನನ್ನ ಕೈಗಳನ್ನು ತಮ್ಮ ಸೆರಗಿನಲ್ಲಿ ಒರೆಸಿದರು. ನಲ್ಲಿ ನಿಲ್ಲಿಸಿ ಮುಂಬಾಗಿಲ ಕಡೆ ಕೂಗಿದರು:

"ಏಯ್, ಜಾಕಿನ ಕೆಳಗೆ ಇಡೋಕೆ ಒಂದು ಅಗಲವಾದ ಹಲಗೆ ಕೇಳಿ ಇಸ್ಕೊಳೋ. ದಪ್ಪದ್ದು. ಅತ್ತಿಗೆಗೆ ತೋರಿಸಿ ತಗೋ."