ನಾನು ಕೇಳಿದ ಎರಡು ದೋಣಿಗಳು

ನಾನು ಒಂದು ಟೇಪ್‌ರೆಕಾರ್ಡರ್. ಜಪಾನಿನ ಒಸಾಕಾ ನಗರದ ಹೊರವಲಯದ ಕಾರ್ಖಾನೆಯೊಂದರಲ್ಲಿ, ಉದ್ದನೆಯ ಮೇಜಿನ ಎರಡೂ ಬದಿಗೆ ಕುಳಿತ ಇಪ್ಪತ್ತನಾಲ್ಕು ಹೆಂಗಸರ ಕೈಗಳನ್ನು ದಾಟುತ್ತ ನಾನು ರೂಪುಗೊಂಡೆ. ಹದಿನೇಳನೆಯವಳು ಮೈಕನ್ನು ಕೂರಿಸಿದಾಗ ನನಗೆ ಕಿವಿ ಬಂತು. ಹದಿನೆಂಟನೆಯವಳು ತನ್ನ ಅತ್ತೆಯ ಮೇಲೆ ಹೇಳುತ್ತಿದ್ದ ದೂರೇ ನಾನು ಈ ಲೋಕದಲ್ಲಿ ಕೇಳಿದ ಮೊದಲ ಮಾತು. ಹೀಗೆ ಜಪಾನಿ ನನ್ನ ಹುಟ್ಟುನುಡಿಯಾಯಿತು. ಮುಂದೆ ಹೇಳಲಿರುವ ಸಂಗತಿಗೆ ಈ ವಿವರ ಅಗತ್ಯವಾದ್ದರಿಂದ ಇಲ್ಲಿ ದಾಖಲಿಸಿದ್ದೇನೆ.

ನನ್ನನ್ನು ಈ ದೇಶಕ್ಕೆ ತಂದವನು ಕಾರವಾರದ ಒಬ್ಬ ಹಡಗಿನ ಅಡುಗೆಯವನು. ಎರಡು ವರ್ಷ ಮಗಳ ಧ್ವನಿಯನ್ನು ನನ್ನಲ್ಲಿ ತುಂಬಿಕೊಂಡು ಅವನು ಕಡಲು ಸುತ್ತಿದ. ಕಡಲ ಕೆಲಸ ಬಿಟ್ಟ ಮೇಲೆ ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ನನ್ನನ್ನು ಮಾರಿದ. ಅಲ್ಲಿಂದ ನಾನು ಗದಗಿಗೆ ಬಂದ ಬಗೆಯನ್ನು ಎರಡು ಬಾಯಿಂದ ಕೇಳಿದ್ದೇನೆ, ಎರಡನ್ನೂ ಕೊಡುತ್ತೇನೆ. ಹೈಸ್ಕೂಲಿನ ಮಾಸ್ತರರೂ ಜನಪದ ಹಾಡುಗಳ ಸಂಗ್ರಾಹಕರೂ ಆಗಿದ್ದ ವೀರಬಸಪ್ಪ ಅಸುಂಡಿಯವರು ಹೇಳುವಂತೆ, ಅವರು ಅಂಗಡಿಯ ಹೊರಗೆ ಹೋಗುತ್ತಿದ್ದ ಎತ್ತಿನ ಕೊರಳಗೆಜ್ಜೆಯ ಸದ್ದನ್ನು ನನ್ನಲ್ಲಿ ಹಿಡಿದು ನೋಡಿ, ಅದು ಗೆಜ್ಜೆಯಂತೆಯೇ ಕೇಳಿಸಿದ್ದರಿಂದ ನನ್ನನ್ನು ಕೊಂಡರು. ಅವರ ಹೆಂಡತಿ ಶರಣವ್ವ ಹೇಳುವಂತೆ, ಅವರು ಹುಬ್ಬಳ್ಳಿಗೆ ಹೋದದ್ದು ಆಕೆಗೆ ಕುಕ್ಕರ್ ತರಲು. ಬಂದದ್ದು ನಾನು. ಆ ದಿನದಿಂದ ಆಕೆ ನನ್ನನ್ನು ಕುಕ್ಕರ್ ಎಂದೇ ಕರೆದಳು.

“ನಿಮ್ಮ ಕುಕ್ಕರ್ ಸೀಟಿ ಹೊಡಿಯಾಕತ್ತೈತಿ, ನೋಡ್ರಿ,” ಎಂದು ಟೇಪು ಮುಗಿದು ನಾನು ಕಿರುಗುಟ್ಟಿದಾಗಲೆಲ್ಲ ಒಳಗಿನಿಂದ ಕೂಗುತ್ತಿದ್ದಳು.

ಅಸುಂಡಿಯವರ ಹೆಗಲಿಗೆ ಜೋತುಬಿದ್ದು ನಾನು ಎಷ್ಟು ಊರು ತಿರುಗಿದೆನೋ! ಕಣದಲ್ಲಿ ಎತ್ತುಗಳನ್ನು ಸುತ್ತಿಸಿ ತೆನೆ ತುಳಿಸುವಾಗ ಗಂಡಸರು ಹಾಡುವ ಹಂತಿಯ ಹಾಡುಗಳನ್ನು ಅವರು ಎಂಟು ವರ್ಷ ಕೂಡಿಹಾಕಿದರು. ಹಾಡುವವನು ತಡವರಿಸಿದರೆ ಆ ತಡವರಿಕೆಯನ್ನೂ ಬರೆದುಕೊಳ್ಳುತ್ತಿದ್ದರು. ಒಂದು ಸಾಲಿಗೆ ಅರ್ಥ ಹತ್ತದಿದ್ದರೆ ‘ಅರ್ಥ ತಿಳಿಯಲಿಲ್ಲ’ ಎಂದು ಬರೆಯುವರೇ ಹೊರತು ತಮ್ಮ ಕಡೆಯಿಂದ ಒಂದಕ್ಷರ ಸೇರಿಸುತ್ತಿರಲಿಲ್ಲ. ಆ ಸಂಗ್ರಹ ಪುಸ್ತಕವಾಗಿ ಬಂದಾಗ ದೂರದ ಊರುಗಳಿಂದ ಜನ ಹುಡುಕಿಕೊಂಡು ಬಂದರು. ಅವರು ನಲವತ್ತನ್ನು ಆಗಷ್ಟೇ ದಾಟಿದ್ದರು. ಅನಂತರ ಹೆಂಗಸರ ಬೀಸುವ ಹಾಡುಗಳನ್ನು ಅರವತ್ತೆರಡು ಟೇಪುಗಳಲ್ಲಿ ಹಿಡಿದರು. ಪುಸ್ತಕ ಮಾತ್ರ ಮಾಡಲಿಲ್ಲ. ಯಾರಾದರೂ ಕೇಳಿದರೆ, “ಇನ್ನೊಮ್ಮೆ ಹಂಗ ಆಗೂದಿಲ್ಲ ಬಿಡ್ರಿ,” ಎಂದು ನಗುತ್ತಿದ್ದರು. ನಗು ಮುಗಿದ ಮೇಲಿನ ನಿಟ್ಟುಸಿರು ನನಗೊಬ್ಬನಿಗೇ ಕೇಳುತ್ತಿತ್ತು.

ಅವರ ತಮ್ಮನ ಮಗಳು ನೀಲಾಂಬಿಕಾ. ಮನೆ ಅದೇ ಓಣಿಯ ತುದಿಯಲ್ಲಿ. ಅವಳಿಗೆ ಹತ್ತು ವರ್ಷವಾಗಿದ್ದಾಗ ವಿಷಮಜ್ವರ ಬಂದು ಒಂದು ತಿಂಗಳು ಶಾಲೆ ತಪ್ಪಿತು. ಹಗಲೆಲ್ಲ ದೊಡ್ಡಪ್ಪನ ಪಡಸಾಲೆಯಲ್ಲಿ ಮಲಗಿರುತ್ತಿದ್ದಳು. ಅವಳ ಸೋದರಮಾವ ಎಲ್ಲಿಂದಲೋ ಕೆಲವು ಸಿ.ಡಿ. ತಂದುಕೊಟ್ಟ: ಜಪಾನಿನವರು ಅನಿಮೆ ಎನ್ನುವ ಕಾರ್ಟೂನು ಸರಣಿಯೊಂದು. ಮಾಡಿದವನ ಹೆಸರು ತೊಗಾವಾ. ಕೆಳಗೆ ಮೂಡುವ ಇಂಗ್ಲಿಷ್ ಸಾಲುಗಳನ್ನು ಅಸುಂಡಿಯವರು ಓದಿ ಅವಳಿಗೆ ಕನ್ನಡದಲ್ಲಿ ಹೇಳಬೇಕಾಗಿತ್ತು.

“ಅರವತ್ತು ಹತ್ತಿರ ಬಂತು, ಈಗ ಗೊಂಬಿ ಆಟ ನೋಡಾಕ ಕುಂತಾರ!” ಎಂದಳು ಶರಣವ್ವ. ಮೂರನೆಯ ದಿನಕ್ಕೆ ಆಕೆಯೂ ಅವರೆಕಾಯಿ ಸುಲಿಯುತ್ತ ಅಲ್ಲೇ ಕುಳಿತಳು.

ನಾನು ಕಪಾಟಿನ ಮೇಲಿದ್ದೆ. ಇಪ್ಪತ್ತಾರು ವರ್ಷಗಳ ಬಳಿಕ ನನ್ನ ಹುಟ್ಟುನುಡಿ ಕಿವಿಗೆ ಬಿದ್ದಾಗ ಹಲ್ಲುಚಕ್ರಗಳು ತಾವಾಗಿಯೇ ತಿರುಗಿದವೆಂದು ನನಗೆ ಅನಿಸಿತು. ‘ಆಚೆ ದಡದ ದೋಣಿ’ ಎಂಬ ಆ ಸರಣಿಯಲ್ಲಿ ಒಬ್ಬ ಮುದುಕಿ ದೋಣಿ ನಡೆಸುತ್ತಾಳೆ. ಹೊಳೆ ದಾಟಿಸಿದ್ದಕ್ಕೆ ಪ್ರತಿಯಾಗಿ ಒಬ್ಬೊಬ್ಬರಿಂದಲೂ ಒಂದು ಕಥೆ ಕೇಳುತ್ತಾಳೆ. ಕೆಲವರಿಗೆ ಕಥೆ ನೆನಪಾಗುವುದಿಲ್ಲ. ಆಗ ದೋಣಿಯ ಹುಟ್ಟಿನ ಸದ್ದು, ನೀರಿನ ಸದ್ದು, ಬೇರೇನಿಲ್ಲ. ಅಂಥ ಒಬ್ಬನನ್ನೂ ಅವಳು ದಾಟಿಸಿದಾಗ ಅಸುಂಡಿಯವರು ಕನ್ನಡಕ ತೆಗೆದು ಒರೆಸಿಕೊಂಡರು.

“ಈ ಮನಷ್ಯಾ ನಮ್ಮ ಪೈಕಿ, ನೀಲವ್ವ. ಕೇಳಾಕ ಬರೂ ಮನಷ್ಯಾ,” ಎಂದರು.

ಆ ತಿಂಗಳು ನನ್ನ ಬಾಳಿನ ಅತ್ಯುತ್ತಮ ತಿಂಗಳು. ಪಡಸಾಲೆಯ ಬಿಸಿಲು, ಗಂಜಿಯ ಬಟ್ಟಲಿಗೆ ಚಮಚ ತಾಗುವ ಸದ್ದು, ಅವರೆ ಸಿಪ್ಪೆಯ ಚಟಚಟ, ಅದರ ನಡುವೆ ನನ್ನ ತಾಯ್ನೆಲದ ಮಾತು.

ಹನ್ನೆರಡು ವರ್ಷ ಕಳೆದವು. ಅಸುಂಡಿಯವರ ಕಣ್ಣಿನ ನರ ಸೊರಗಿ, ಬೆಳಕು ಕತ್ತಲೆಗಳ ವ್ಯತ್ಯಾಸವಷ್ಟೇ ಉಳಿಯಿತು. ನೀಲಾ ಬಿ.ಇಡಿ. ಓದುತ್ತಿದ್ದಳು. ಅವಳೇ ಹಟ ಹಿಡಿದು ಬೀಸುವ ಹಾಡುಗಳ ಟೇಪುಗಳನ್ನು ಹೊರಗೆ ತೆಗೆಸಿದಳು. ಅವರು ನನ್ನನ್ನು ನಡೆಸುವುದು, ಅವಳು ಬರೆದುಕೊಳ್ಳುವುದು, ಹನ್ನೊಂದು ಟೇಪುಗಳಾಗಿದ್ದವು. ಆಗಲೇ ತೊಗಾವಾನ ಎರಡನೆಯ ಸರಣಿ ಹೊರಟ ಸುದ್ದಿ ಬಂತು. ಹೆಸರು ‘ಏಳು ಕಡಲಿನ ದಂಡು’. ವಾರಕ್ಕೊಂದರಂತೆ ಹನ್ನೆರಡು ಕಂತು.

ಆ ದಿನ ಅಸುಂಡಿಯವರು ಎಳೆಯರಂತೆ ಉಬ್ಬಿದರು. “ಅವಗೂ ನನ್ನಷ್ಟ ವಯಸ್ಸಾತು. ಒಂದು ಚಲೋದು ಮಾಡಿ ಹನ್ನೆರಡು ವರ್ಷ ಸುಮ್ನ ಕುಂತಿದ್ದ. ಈಗ ಅವನ ಎರಡನೇದು ಚಲೋ ಆತಂದ್ರ, ನೀಲವ್ವ, ನನ್ನ ಎರಡನೇದಕ್ಕೂ ಧೈರ್ಯ ಬರ್ತೈತಿ. ಇಲ್ಲಂದ್ರ ಈ ಟೇಪ್ ಎಲ್ಲಾ ಕಟ್ಟಿ ಅಟ್ಟಕ್ಕ ಹಾಕಿಬಿಡೂದು.”

ನಗುತ್ತಲೇ ಹೇಳಿದರು. ಆದರೆ ನೀಲಾ ನಗಲಿಲ್ಲ.

ಮೊದಲ ಭಾನುವಾರ ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ತಂದಿಟ್ಟಳು. ಈಗ ಓದಿ ಹೇಳುವವಳು ಅವಳು. ಮತ್ತೆ ಕೇಳಲು ಬೇಕೆಂದು ದೊಡ್ಡಪ್ಪ ನನ್ನನ್ನು ಪಕ್ಕದಲ್ಲಿಟ್ಟು ಗುಂಡಿ ಒತ್ತಿದರು. ಅರ್ಧ ಕಂತಿನವರೆಗೆ ನೀಲಾ ಇದ್ದದ್ದನ್ನೇ ಹೇಳಿದಳು. ಹಡಗುಗಳು ಸಿಡಿದವು, ಒಬ್ಬ ರಾಣಿ ಕೂಗಿದಳು, ಮತ್ತೆ ಹಡಗುಗಳು ಸಿಡಿದವು. ನನ್ನ ಹುಟ್ಟುನುಡಿಯಲ್ಲಿ ಅಷ್ಟು ಕಿರುಚಾಟವನ್ನು ನಾನು ಎಂದೂ ಕೇಳಿರಲಿಲ್ಲ.

“ಇಷ್ಟನ ಏನು?” ಎಂದರು ಅಸುಂಡಿಯವರು.

ಆ ದನಿ ಕುಸಿದದ್ದು ನನಗೂ ತಿಳಿಯಿತು, ಅವಳಿಗೂ ತಿಳಿಯಿತು. ನೀಲಾ ಪರದೆಯ ಸಾಲುಗಳನ್ನು ಓದುವುದನ್ನು ಬಿಟ್ಟಳು. ಆಮೇಲೆ ಹೇಳತೊಡಗಿದಳು: “ಇಲ್ರಿ, ಈಗ ರಾಣಿ ಒಬ್ಬಾಕಿನ ದಂಡಿಗೆ ಬರ್ತಾಳ. ಸತ್ತವರ ಹೆಸರು ಒಂದೊಂದ ಹೇಳಿ ನೀರಾಗ ದೀಪ ಬಿಡ್ತಾಳ...”

ಪರದೆಯ ಮೇಲೆ ರಾಣಿ ತನ್ನ ಸೇನಾಪತಿಗೆ ಹೊಸ ಫಿರಂಗಿ ತರಲು ಹೇಳುತ್ತಿದ್ದಳು.

ಹೀಗೆ ಹನ್ನೆರಡು ಭಾನುವಾರಗಳು. ನೀಲಾ ಕಟ್ಟಿದ ಕಥೆ ಚೆಂದವಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನಗೆ ಎರಡೂ ತಿಳಿಯುತ್ತಿತ್ತು, ಹೇಳಲು ಮಾತ್ರ ಬರುತ್ತಿರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಮರಳಿಸುವುದಷ್ಟೇ ನನ್ನ ಧರ್ಮ. ಅಸುಂಡಿಯವರ ಮುಖ ವಾರವಾರಕ್ಕೂ ಅರಳಿತು. ಬೀಸುವ ಹಾಡಿನ ಕೆಲಸ ಇಪ್ಪತ್ತನೆಯ ಟೇಪು ದಾಟಿತು. ಕೊನೆಯ ಕಂತು ಮುಗಿದ ಮರುದಿನ ಅವರು ಧಾರವಾಡದ ಒಂದು ಮಾಸಪತ್ರಿಕೆಗೆ ಲೇಖನ ಹೇಳಿ ಬರೆಸಿದರು. ‘ತನ್ನ ಮೊದಲ ಕೃತಿಯನ್ನು ತಾನೇ ಮೀರಿದ ಕಥೆಗಾರನನ್ನು ನಾನು ಈಗ ಮೊದಲ ಬಾರಿಗೆ ಕಂಡಿದ್ದೇನೆ’ ಎಂಬುದು ಅದರ ಮೊದಲ ಸಾಲು. ಬರೆದುಕೊಳ್ಳುವಾಗ ನೀಲಾಳ ಪೆನ್ನು ಎರಡು ಕಡೆ ನಿಂತದ್ದು ನನಗೆ ಕೇಳಿಸಿತು.

ಲೇಖನ ಅಂಚೆಗೆ ಹೋಗುವ ಮುನ್ನ ಒಂದು ಮಾತನ್ನು ಸರಿನೋಡಿಕೊಳ್ಳಬೇಕೆಂದು ಅಸುಂಡಿಯವರು ಏಳನೆಯ ಕಂತಿನ ಟೇಪನ್ನು ಹಾಕಿದರು. ಮುದುಕಿಯೊಬ್ಬಳು ಅಳುತ್ತ, ‘ನನ್ನ ಮಕ್ಕಳೆಲ್ಲ ನೀರಾಗ್ಯಾರ, ನಾ ಯಾವ ಅಲೆಗೆ ಬೈಲಿ’ ಎನ್ನುತ್ತಾಳೆಂದು ನೀಲಾ ಹೇಳಿದ್ದ ಜಾಗ. ನೀಲಾಳ ಮಾತಿನ ಹಿಂದಿದ್ದ ಸದ್ದನ್ನೂ ನಾನು ಹಿಡಿದಿದ್ದೆ. ಅವರು ಹಿಂದೆ ತಿರುಗಿಸಿದರು, ಕೇಳಿದರು. ಮತ್ತೆ ತಿರುಗಿಸಿದರು. ಹನ್ನೊಂದು ಸಲ.

“ಶರಣವ್ವಾ, ಬಾ ಇಲ್ಲಿ. ಹಿಂದಿನ ದನಿ ಕೇಳು. ಇದು ಅಳೂದೋ ನಗೂದೋ?”

“ನಗಾಕತ್ತಾಳಲ್ಲ, ಹೊಟ್ಟಿ ಹಿಡಕೊಂಡು! ಕಣ್ಣಿನ ಸಂಗಾಟ ಕಿವಿನೂ ಹೋದುವೇನ್ ನಿಮ್ಮವು?”

ಅವರು ಟೇಪನ್ನು ನಿಲ್ಲಿಸಿದರು. ಸಂಜೆ ನೀಲಾ ಬಂದಾಗ ನನ್ನ ಗುಂಡಿ ಒತ್ತಿ ಅವಳಿಗೂ ಕೇಳಿಸಿದರು. ನನ್ನ ಸ್ಪಷ್ಟತೆಯ ಬಗ್ಗೆ ನಾಚಿಕೆಪಟ್ಟದ್ದು ಅದೊಂದೇ ಸಲ.

“ಅಲ್ಲಿ ಆಕಿ ನಗತಾಳ್ರಿ,” ಎಂದಳು ನೀಲಾ. “‘ಎಲ್ಲಾರ್ನೂ ಮುಳುಗಿಸ್ತೀನಿ’ ಅಂತಾಳ. ಅಷ್ಟ.”

“ಆರನೇದರಾಗ ಹುಣಸಿಗಿಡದ ಬುಡಕ ಕುಂತು ಕಥಿ ಹೇಳಿದ್ದು?”

“ಹುಣಸಿಗಿಡ ಇಲ್ರಿ.”

“ಜಪಾನದಾಗ ಹುಣಸಿಗಿಡ ಎಲ್ಲಿಂದ ಬರಬೇಕು! ನನಗ ಆವಾಗನ ಗೊತ್ತಾಗಬೇಕಿತ್ತು.” ನಗುವಂತೆ ಶುರುವಾದ ಮಾತು ನಗುವಾಗಲಿಲ್ಲ. “ಎಲ್ಲಾ ನೀನ ಕಟ್ಟಿದ್ದ?”

“ಸರಣಿ ಭಾಳ ಕೆಟ್ಟೈತ್ರಿ ದೊಡ್ಡಪ್ಪ. ಹಂಗಂತ ಹೇಳಿದ್ರ ನೀವು ಪುಸ್ತಕ ಬಿಡ್ತೀರಿ ಅಂತ...”

“ಹಾಡಾವರು ತಪ್ಪಿದಲ್ಲಿ ತಿದ್ದಬ್ಯಾಡ ಅಂತ ಎಷ್ಟು ಮಂದಿಗೆ ಹೇಳೀನಿ ನಾನು. ನನ್ನ ಮನ್ಯಾಗ, ನನ್ನ ಕಿವ್ಯಾಗ, ಹನ್ನೆರಡು ವಾರ. ನಾನು ಅದಕ್ಕ ನನ್ನ ಹೆಸರು ಹಾಕಿ ಅಚ್ಚಿಗೆ ಕಳಿಸಾಂವ ಇದ್ದೆ.” ಅವರ ದನಿ ಏರಲೇ ಇಲ್ಲ. “ನೀಲಾ, ಇನ್ನ ನೀ ಓದಿದ್ದನ್ನ ನಾ ಹೆಂಗ ನಂಬಲಿ? ನನಗ ಬ್ಯಾರೆ ಕಣ್ಣು ಎಲ್ಲೈತಿ?”

ಅವಳು ಅಳುತ್ತ ಹೋದಳು. ಮರುದಿನ ಅಸುಂಡಿಯವರು ಬೀಸುವ ಹಾಡಿನ ಅಷ್ಟೂ ಟೇಪುಗಳನ್ನು ಹಳೆಯ ಧೋತರದಲ್ಲಿ ಗಂಟು ಕಟ್ಟಿ, ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದವರ ಮಗನಿಂದ ಅಟ್ಟಕ್ಕೆ ಹಾಕಿಸಿದರು. ನನ್ನ ಮೇಲೆ ಒಂದು ಟವೆಲು ಬಿತ್ತು. ಹತ್ತು ದಿನ ನಾನು ಟವೆಲಿನ ಕೆಳಗಿದ್ದೆ.

ಶರಣವ್ವನಿಗೆ ಆ ಮೌನ ಸಹಿಸಲಾಗಲಿಲ್ಲ. “ಕೂಸು ಸುಳ್ಳು ಹೇಳ್ತು, ಹೌದು. ನಿಮ್ಮ ಸಲುವಾಗಿ ಹೇಳ್ತು. ಈಗ ನೀವ ಖರೇದು ಕೇಳ್ರಿ. ಖರೇದು ಕೇಳಾಕ ನಿಮಗ ಅಂಜಿಕಿ, ಸಿಟ್ಟು ಮಾತ್ರ ಆಕಿ ಮ್ಯಾಲ!”

ಗಂಡನಿಗೆ ಇಂಥ ಮಾತನ್ನು ಆಕೆ ಮೂವತ್ತಾರು ವರ್ಷದಲ್ಲಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅಸುಂಡಿಯವರು, “ಕರಿ ಆಕಿನ್ನ,” ಎಂದರು.

ನೀಲಾ ಬಂದಳು. “ಮೊದಲಿಂದ ಹಚ್ಚು,” ಎಂದರು. “ಇದ್ದಷ್ಟು ಹೇಳು. ಇಲ್ಲದಲ್ಲಿ ಸುಮ್ಕಿರು.”

ಮೂರು ಮಧ್ಯಾಹ್ನ ಹಿಡಿಯಿತು. ಕೆಟ್ಟದ್ದು ಕೆಟ್ಟದ್ದಾಗಿಯೇ ಬಂತು. ಐದನೆಯ ಕಂತಿನಲ್ಲಿ ಒಬ್ಬ ಸತ್ತವನು ಮೂರನೆಯ ಸಲ ಎದ್ದು ಬಂದಾಗ, “ಇವಗ ಮಣ್ಣಾದ್ರೂ ಸರಿಯಾಗಿ ಕೊಡ್ರಲೇ!” ಎಂದು ಅಸುಂಡಿಯವರು ಗದರಿದರು, ನೀಲಾಳ ಬಾಯಿಂದ ಹತ್ತು ದಿನದ ಮೇಲೆ ಮೊದಲ ನಗು ಬಂತು. ಎಂಟನೆಯದರ ಹೊತ್ತಿಗೆ ಅವರು ದಣಿದವರಂತೆ ತಲೆ ತಗ್ಗಿಸಿ ಕುಳಿತರು. ತಾವು ಅಂಜಿದ್ದೇ ನಿಜವಾಗುತ್ತಿತ್ತು.

ಒಂಬತ್ತನೆಯ ಕಂತಿನ ನಡುವೆ ನೀಲಾ ಮಾತು ನಿಲ್ಲಿಸಿದಳು.

“ಏನಾತು?”

“ಇಲ್ಲಿ ಮಾತಿಲ್ರಿ. ಒಬ್ಬ ಮುದುಕ ದೋಣಿ ರಿಪೇರಿ ಮಾಡಾಕತ್ತಾನ. ಅಷ್ಟ.”

ಅವರು ಕೈ ಎತ್ತಿದರು. ಮರದ ಸೀಳಿಗೆ ನಾರು ತುರುಕುವ ಸದ್ದು. ಸುತ್ತಿಗೆಯ ಮೆಲ್ಲನೆಯ ಏಟು, ಮೂರು, ತಡೆ, ಮತ್ತೆ ಎರಡು. ನೀರು ದಡಕ್ಕೆ ತಾಗಿ ಹಿಂದೆ ಸರಿಯುವುದು. ಮುದುಕನ ಉಸಿರು. ಎಲ್ಲೋ ದೂರದಲ್ಲಿ ಯಾರೋ ಯಾರನ್ನೋ ಊಟಕ್ಕೆ ಕರೆದರು. ಆ ಕರೆಯ ರಾಗ ನನ್ನ ಕಾರ್ಖಾನೆಯ ಹೆಂಗಸರದೇ. ನಾಲ್ಕು ನಿಮಿಷ ಯಾರೂ ಅಲುಗಲಿಲ್ಲ. ಬಳಿಕ ಮತ್ತೆ ಫಿರಂಗಿ ಹಾರಿತು.

“ಇದು ಅವಂದು,” ಎಂದರು ಅಸುಂಡಿಯವರು. “ಇಷ್ಟು ಅವಂದ. ಆವಾಗ ನೀ ಇಲ್ಲಿ ಏನು ಹೇಳಿದ್ದಿ?”

ನೀಲಾಳ ದನಿ ಸಣ್ಣದಾಯಿತು. “ಮುದುಕನ ಹೆಂಡತಿ ಸತ್ತ ಕಥಿ ಕಟ್ಟಿ ಹೇಳಿದ್ದೆ. ಈ ನಾಲ್ಕು ನಿಮಿಷದ ತುಂಬ.”

“ಕಥಿ ಚಲೋ ಇತ್ತು. ಆದರ ಅವ ತನ್ನ ಖರೇ ದನಿ ತೆಗದದ್ದು ಇದೊಂದ ಕಡೆ. ಅದರ ಮ್ಯಾಲ ನೀ ಮಾತಾಡಿಬಿಟ್ಟಿ.”

“ನನಗ ಗೊತ್ತಾಗಲಿಲ್ರಿ.”

“ನನಗೂ ಗೊತ್ತಾಗಲಿಲ್ಲಲ್ಲ.” ಅವರು ಅವಳ ತಲೆಯನ್ನು ತಡವಿ ಹುಡುಕಿ, ಕೈ ಇಟ್ಟರು. “ಹನ್ನೆರಡು ವರ್ಷ ಕುಂತು ನಾಲ್ಕು ನಿಮಿಷ. ಅಷ್ಟರ ಬಂತಲ್ಲ, ಮಾರಾಯಗ. ಆ ಗಂಟು ಕೆಳಗ ಇಳಸ್ರಿ.”

ಲೇಖನ ಹೊಸದಾಗಿ ಬರೆಯಲ್ಪಟ್ಟಿತು. ಸರಣಿ ಸೋತಿದೆ ಎಂದು ಅದರಲ್ಲಿ ನೇರವಾಗಿ ಹೇಳಿ, ನಾಲ್ಕು ನಿಮಿಷಗಳ ಬಗ್ಗೆ ಎರಡು ಪುಟ ಬರೆಸಿದರು. ಬೀಸುವ ಹಾಡಿನ ಪುಸ್ತಕ ಎರಡು ವರ್ಷಕ್ಕೆ ಹೊರಬಂತು. ಅನೇಕ ಟೇಪುಗಳು ಬೂಸಲು ಹಿಡಿದು ಹಾಳಾಗಿದ್ದವು. ಹಾಡಿದವರಲ್ಲಿ ಕೇಳಿ ತಿಳಿಯಲು ಯಾರೂ ಬದುಕಿರಲಿಲ್ಲ. ‘ಅರ್ಥ ತಿಳಿಯಲಿಲ್ಲ’ ಎಂಬ ಮಾತು ಪುಟಪುಟಕ್ಕೂ ಬಂತು. ಮೊದಲನೆಯದರ ಅರ್ಧದಷ್ಟೂ ದಪ್ಪವಿರಲಿಲ್ಲ.

ಮಳೆಗಾಲದ ಕೊನೆಯಲ್ಲಿ ಒಂದು ಪತ್ರಿಕೆಯಲ್ಲಿ ವಿಮರ್ಶೆ ಬಂತು. ನೀಲಾ ಅದನ್ನು ಹಿಡಿದು ಪಡಸಾಲೆಯಲ್ಲಿ ಕುಳಿತಳು. ಅಸುಂಡಿಯವರು ಅಭ್ಯಾಸದಂತೆ ನನ್ನ ಗುಂಡಿ ಒತ್ತಿದರು. ಮೊದಲೆರಡು ಸಾಲು ಓದಿ ಅವಳು ತಡೆದಳು.

“ಅದನ್ನ ಬಿಟ್ಟು ಮುಂದಿಂದು ಓದ ಯವ್ವಾ,” ಎಂದಳು ಶರಣವ್ವ ಬಾಗಿಲಿನಿಂದ.

ನೀಲಾ ಬಿಡಲಿಲ್ಲ. ನಿಧಾನವಾಗಿ, ಒಂದಕ್ಷರ ಹೆಚ್ಚಿಸದೆ, ಒಂದಕ್ಷರ ಕಡಿಮೆ ಮಾಡದೆ ಓದಿದಳು: “‘ಮೂವತ್ತು ವರ್ಷಗಳ ಹಿಂದಿನ ಸಂಗ್ರಹದ ಕಸುವು ಇಲ್ಲಿಲ್ಲ. ಇದು ದಣಿದ ಕಿವಿಯ ಕೆಲಸ.’” ಪೂರ್ತಿ ಓದಿ ಮುಗಿಸಿದಳು. ವಿಮರ್ಶಕ ಮೆಚ್ಚಿದ್ದು ಹದಿನಾಲ್ಕನೆಯ ಹಾಡೊಂದನ್ನು ಮಾತ್ರ.

“ಹದಿನಾಲ್ಕನೇದು ಯಾವುದು?”

“ಗುಜಮಾಗಡಿ ಈರವ್ವಂದು. ನಡುವ ಮರತು ಸುಮ್ಮನಾಗತಾಳಲ್ರಿ, ಬರೇ ಬೀಸೂಕಲ್ಲ ತಿರಗತೈತಿ, ಅದು.”

“ಹೂಂ,” ಎಂದರು ಅಸುಂಡಿಯವರು. ಅವರು ನಕ್ಕರು, ಈ ಸಲ ಆ ನಗುವಿನ ಹಿಂದೆ ನಿಟ್ಟುಸಿರು ಬರಲಿಲ್ಲ. “ಖರೇ ಓದಿದಿ. ಚಾ ಇಡು ಹೋಗು.”

ನಾನು ಹಿಡಿದ ಕೊನೆಯ ಮಾತು ಅದು. ಮರುವಾರ ನನ್ನ ಚಕ್ರಗಳನ್ನು ತಿರುಗಿಸುವ ರಬ್ಬರ್ ಪಟ್ಟಿ ಹರಿಯಿತು; ಅಂಥ ಪಟ್ಟಿ ಈಗ ಎಲ್ಲೂ ಸಿಗುವುದಿಲ್ಲವಂತೆ. ಅಸುಂಡಿಯವರು ತೀರಿಕೊಂಡು ನಾಲ್ಕು ವರ್ಷವಾಯಿತು. ನಾನು ಮುಂಡರಗಿಯಲ್ಲಿ, ಶಾಲಾ ಶಿಕ್ಷಕಿಯಾದ ನೀಲಾಳ ಮನೆಯ ಪುಸ್ತಕದ ಕಪಾಟಿನ ಕೆಳಗಿನ ಅರೆಯಲ್ಲಿದ್ದೇನೆ. ತಿರುಗಲಾರೆ, ಆದರೆ ಕೇಳಬಲ್ಲೆ. ಎದುರುಮನೆಯವರು ಹಗ್ಗದ ಮಂಚ ಬಿಗಿಯುತ್ತಿದ್ದಾರೆ. ಕೇಳುವುದಕ್ಕೆ ಅದೂ ಸಾಕಷ್ಟು ದೊಡ್ಡ ಸಂಗತಿ.