ಎರಡು ಬಡಿತ

ಅವಳು ಓಡಿಬಂದು ಡ್ರೈವರಣ್ಣನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಡೀಬೇಡಿ ಅಣ್ಣಾ! ಬಾಗಿಲು ಬಡೀಬೇಡಿ!"

ಬಾಗಿಲು ತೆರೆದೇ ಇತ್ತು. ಒಳಗಿನ ಜನರನ್ನು ನೋಡಿ, ಬಂದೆ ಅಂತ ತಿಳಿಸಲು ಮುದುಕ ಕದಕ್ಕೆ ಕೈ ಎತ್ತಿದ್ದ, ಅಷ್ಟೇ. ಕೂತಿದ್ದವರು ಮುಖ ಮುಖ ನೋಡಿಕೊಂಡರು. ಪಡಸಾಲೆಯ ನಡುವೆ ಎರಡು ಬೆಂಚು ಜೋಡಿಸಿ ಮರದ ಪೆಟ್ಟಿಗೆ ಇಟ್ಟಿದ್ದರು. ಅದರೊಳಗೆ ಅವಳ ಗಂಡ, ಡ್ರೈವರಣ್ಣನ ಬಸ್ಸಿನಲ್ಲೇ ದುಡಿದ ನಿವೃತ್ತ ಕಂಡಕ್ಟರು, ಹಳೆಯ ಯೂನಿಫಾರ್ಮು ತೊಟ್ಟು ಮಲಗಿದ್ದ. ಆರು ವರ್ಷಗಳಲ್ಲಿ ಮೊದಲ ಸಲ ಅವನ ಬಲಗೈ ನಡುಗದೆ ಸುಮ್ಮನಿತ್ತು.

"ಅಮ್ಮಾ, ಇನ್ನು ಬಡಿದ್ರೇನು, ಬಿಟ್ರೇನು?" ಅಂತ ಮಗಳು ಅವಳ ಬೆರಳು ಒಂದೊಂದಾಗಿ ಬಿಡಿಸಿದಳು.

ಅವಳಿಗೆ ನಾಚಿಕೆಯಾಯಿತು. ಆದರೂ ಕಿವಿ ಮಾತ್ರ ನೆಟ್ಟಗೆ ನಿಂತೇ ಇತ್ತು. ಐದು ವರ್ಷದಿಂದ ಆ ಮನೆಯಲ್ಲಿ ಯಾರೂ ಯಾವುದನ್ನೂ ಸುಮ್ಮಸುಮ್ಮನೆ ಎರಡು ಸಲ ಬಡಿದವರಲ್ಲ. ಒಬ್ಬರು ಮಾತ್ರ ಬಡಿದಿದ್ದರು, ಒಂದೇ ಒಂದು ಸಲ.

*

ಕಾಯಿಲೆಯ ಹೆಸರು ಪಾರ್ಕಿನ್ಸನ್ ಅಂತ ಡಾಕ್ಟರು ಹೇಳಿದ ದಿನ ಕಂಡಕ್ಟರು ನಕ್ಕಿದ್ದ. ಒಂದು ಕೈಯಲ್ಲಿ ಟಿಕೆಟ್ಟು, ಇನ್ನೊಂದರಲ್ಲಿ ಚಿಲ್ಲರೆ, ಕಂಬಿ ಮುಟ್ಟದೆ ಓಡುವ ಬಸ್ಸಿನಲ್ಲಿ ಮೂವತ್ತೊಂದು ವರ್ಷ ನಿಂತ ಆಸಾಮಿಗೆ ಸಮತೋಲ ತಪ್ಪುತ್ತದೆ ಅಂದರೆ ಯಾರು ನಂಬುತ್ತಾರೆ? ವರ್ಷ ತಿರುಗುವಷ್ಟರಲ್ಲಿ ಆ ನಗು ಇಳಿಯಿತು. ನಡೆಯುತ್ತಿದ್ದ ಹಾಗೇ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು, ಅದರಲ್ಲೂ ಬಾಗಿಲು ಬಂದ ಕಡೆಯಲ್ಲೆಲ್ಲ.

"ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಹೋಗಿ ಅಂತ ಜೀವಮಾನ ಪೂರ್ತಿ ಜನರನ್ನ ಬೈದೆ ಕಣೇ. ಈಗ ನನ್ನ ಯಾರು ಬೈತಾರೆ?" ಅನ್ನುತ್ತಿದ್ದ.

ವಾರಕ್ಕೆರಡು ದಿನ ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಹುಡುಗಿ ಅಡುಗೆಮನೆಯಿಂದ ಪಡಸಾಲೆಗೆ ಹೋಗುವ ಪ್ಯಾಸೇಜಿನ ನೆಲಕ್ಕೆ ಹಳದಿ ಟೇಪಿನ ಹತ್ತು ಅಡ್ಡಪಟ್ಟಿ ಅಂಟಿಸಿದಳು. ಗೋಡೆಗೆ ಹಿಡಿದುಕೊಳ್ಳಲು ಪೈಪು ಹಾಕಿಸಿದಳು. ಮೈಭಾರವನ್ನು ಎಡಗಾಲಿನಿಂದ ಬಲಗಾಲಿಗೆ ಹೊರಳಿಸುವುದನ್ನು, ಒಂದೊಂದೇ ಪಟ್ಟಿ ದಾಟಿ ದೊಡ್ಡ ಹೆಜ್ಜೆ ಇಡುವುದನ್ನು ಅವನು ಕಲಿತ. ತಿರುಗುವಾಗ ನಿಂತಲ್ಲೇ ಗಿರಕಿ ಹೊಡೆಯದೆ, ಬಸ್ಸು ತಿರುಗುವ ಹಾಗೆ ಅಗಲವಾಗಿ ಸುತ್ತಿ ಬರುತ್ತಿದ್ದ. ಆದರೆ ಕಾಲು ಅಂಟಿತೆಂದರೆ ಎಣಿಸಿದರೂ ಚಪ್ಪಾಳೆ ತಟ್ಟಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಒಂದು ದಿನ ಹೆಂಡತಿ ರೋಸಿಹೋಗಿ ಅಂಗೈಯಿಂದ ಗೋಡೆಗೆ ಎರಡು ಬಾರಿಸಿದಳು. ಟಪ್, ಟಪ್. ಕಂಡಕ್ಟರನ ಕಾಲು ಹೊರಟೇಬಿಟ್ಟಿತು.

ಬಸ್ಸಿನ ತಗಡಿಗೆ ಒಂದು ಬಡಿತ ಬಿದ್ದರೆ ನಿಲ್ಲಬೇಕು, ಎರಡು ಬಿದ್ದರೆ ಹೊರಡಬೇಕು. ತಲೆ ಎಷ್ಟು ಮರೆತಿದ್ದರೂ ಕಾಲು ಅದನ್ನು ಮರೆತಿರಲಿಲ್ಲ.

"ಒಳ್ಳೇದೇ ಆಯ್ತು ಆಂಟಿ," ಅಂದಳು ಫಿಸಿಯೋ ಹುಡುಗಿ. "ಆದ್ರೆ ಹುಷಾರು. ಇವರಿಗೆ ಗೊತ್ತಾಗೋ ಮುಂಚೆ ಇವರ ಕಾಲಿಗೆ ಗೊತ್ತಾಗುತ್ತೆ. ನೀವು ಹಿಂದೆ ಇಲ್ದೆ ಬಡೀಲೇಬಾರದು. ಬೆನ್ನಿಂದ ಗೇಣು ದೂರದಲ್ಲಿ ಕೈ ಇಟ್ಕೊಂಡಿರಿ. ಹಿಡ್ಕೊಂಡ್ರೆ ಕಾಲು ಕಲಿಯಲ್ಲ, ಬಿಟ್ರೆ ತಲೆ ಉಳಿಯಲ್ಲ."

ಅಂದಿನಿಂದ ಮನೆಗೆ ಮನೆಯೇ ಉಸಿರು ಬಿಗಿಹಿಡಿದು ಬದುಕಿತು. ಬಂದವರು ಬಾಗಿಲು ಬಡಿಯದೆ ಕರೆಗಂಟೆ ಒತ್ತಬೇಕು. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಸೌಟಿಗೆ ಅಂಟಿದ್ದನ್ನು ಪಾತ್ರೆಯ ಅಂಚಿಗೆ ಬಡಿದು ಉದುರಿಸುವ ಅಭ್ಯಾಸ ಅವಳಿಗೆ ಹುಟ್ಟಿನಿಂದ ಬಂದದ್ದು. ಅದನ್ನೂ ಬಿಟ್ಟಳು, ಬೆರಳಲ್ಲಿ ಸವರಿ ತೆಗೆಯತೊಡಗಿದಳು.

*

"ಬಿದ್ದದ್ದು ಹೇಗಮ್ಮಾ?" ಡ್ರೈವರಣ್ಣ ಪೆಟ್ಟಿಗೆಯ ಪಕ್ಕ ಕೂತು ಮಗಳನ್ನು ಕೇಳಿದ.

"ಪ್ಯಾಸೇಜಲ್ಲಿ ಪೈಪು ಹಿಡ್ಕೊಂಡು ನಿಂತಿದ್ರು. ಅಮ್ಮ ಅಡುಗೆಮನೇಲಿದ್ದಳು. ತಾವೇ ಹೊರಟುಬಿಟ್ಟಿದಾರೆ. ಹನ್ನೊಂದು ದಿನ ಆಸ್ಪತ್ರೆ. ಅಲ್ಲೂ ನನ್ನ ಹತ್ರ ಅದನ್ನೇ ಹೇಳಿದ್ರು, ಯಾರೂ ಬಡೀಲಿಲ್ಲ, ನಾನೇ ಹೊರಟೆ ಅಂತ."

ಡ್ರೈವರಣ್ಣ ಪೆಟ್ಟಿಗೆಯೊಳಗಿನ ಮುಖವನ್ನೇ ನೋಡಿದ.

"ಇವನಾ? ನಾನು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾಗ್ತಿದ್ದೆ, ಕೊನೇ ಅಜ್ಜಿ ಹತ್ತೋ ತನಕ ಈ ಪುಣ್ಯಾತ್ಮ ತಗಡು ಮುಟ್ತಿರ್ಲಿಲ್ಲ. ಬಡಿತ ಬೀಳದೆ ಹೊರಡೋ ಜಾತಿಯೋನಲ್ಲಮ್ಮ ಇವನು."

 ಮುದುಕನ ದೃಷ್ಟಿ ತನ್ನ ಕಡೆ ತಿರುಗುವ ಮೊದಲೇ ತಾಯಿ ಎದ್ದು ಅಡುಗೆಮನೆಗೆ ಹೋದಳು. ಹೋಗುವಾಗ ನೋಡಿದಳು, ಪ್ಯಾಸೇಜಿನಲ್ಲಿ ಓಡಾಡುತ್ತಿದ್ದ ನೆಂಟರೆಲ್ಲ ಪಟ್ಟಿ ದಾಟಿ ದಾಟಿ ಹೆಜ್ಜೆ ಇಡುತ್ತಿದ್ದರು. ಯಾರೂ ಅವರಿಗೆ ಹಾಗೆ ಹೇಳಿಕೊಟ್ಟಿರಲಿಲ್ಲ.

*

ಅವನು ಬಿದ್ದ ದಿನ ಬೆಳಿಗ್ಗೆ ಒಲೆಯ ಮೇಲೆ ಹಾಲಿತ್ತು.

"ರೀ, ಪೈಪು ಹಿಡ್ಕೊಂಡು ನಿಂತಿರಿ. ಹಾಲು ಉಕ್ಕುತ್ತೆ, ಒಂದೇ ನಿಮಿಷ."

"ನಿಂತಿರ್ತೀನಿ ಮಾರಾಯ್ತಿ. ನಾನೆಲ್ಲಿಗೆ ಹೋಗ್ಲಿ?"

ಉರಿ ಸಣ್ಣ ಮಾಡಿದಳು. ಸೌಟಿನಿಂದ ಕಲಕಿದಳು. ಮನಸ್ಸು ಎಲ್ಲಿತ್ತೋ, ಕೈ ಪಾತ್ರೆಯ ಅಂಚಿಗೆ ಬಡಿಯಿತು. ಟಣ್, ಟಣ್.

ಚಪ್ಪಲಿಯ ಸದ್ದು ಕೇಳಿತು. ಒಂದು ಪಟ್ಟಿ, ಎರಡು ಪಟ್ಟಿ, ಮೂರು. ಎಷ್ಟು ಚೆನ್ನಾಗಿ ನಡೆಯುತ್ತಿದ್ದಾರೆ ಅಂತ ಒಂದು ಕ್ಷಣ ಸಂತೋಷವೇ ಆಯಿತು. ಆ ಸಂತೋಷಕ್ಕೆ ಅವಳು ತನ್ನನ್ನು ಎಂದೂ ಕ್ಷಮಿಸಲಾರಳು. ಓಡಿಹೋಗುವಷ್ಟರಲ್ಲಿ ಅವನು ನೆಲದ ಮೇಲಿದ್ದ. ಕಣ್ಣು ಬಿಟ್ಟು ಅವಳನ್ನೇ ಹುಡುಕುತ್ತಿದ್ದ.

"ನೀನು ಹಿಂದೆ ಇದೀಯ ಅಂದ್ಕೊಂಡೆ," ಅಂದ.

*

ಮಧ್ಯಾಹ್ನ ಗಾಡಿ ಬಂತು. ನಾಲ್ವರು ಪೆಟ್ಟಿಗೆ ಎತ್ತಿದರು. ಮುಂದೆ ಅಳಿಯ ಮತ್ತು ಡ್ರೈವರಣ್ಣ, ಹಿಂದೆ ಅಕ್ಕಪಕ್ಕದ ಮನೆಯವರಿಬ್ಬರು. ಪಡಸಾಲೆ ಸಲೀಸಾಗಿ ದಾಟಿದರು. ಹೊಸ್ತಿಲಿನ ಈಚೆ, ಅವನು ಯಾವಾಗಲೂ ನಿಂತುಬಿಡುತ್ತಿದ್ದ ಜಾಗಕ್ಕೇ ಬಂದು ನಿಂತರು.

"ಯಾಕೆ, ತಗಲ್ತಾ ಇದೆಯಾ?" ಮಗಳು ಕೇಳಿದಳು.

"ಇಲ್ಲ ಕಣೇ. ಜಾಗ ಬೇಕಾದಷ್ಟಿದೆ." ಅಳಿಯನ ಹಣೆಯಲ್ಲಿ ಬೆವರಿತ್ತು. "ಕಾಲು... ಕಾಲೇ ಏಳ್ತಿಲ್ಲ."

ಹಿಂದಿನವರು ತಳ್ಳಿ ನೋಡಿದರು. ನಾಲ್ವರ ಮೈಯೂ ಮುಂದಕ್ಕೆ ವಾಲಿತು, ಎಂಟು ಪಾದಗಳೂ ಇದ್ದಲ್ಲೇ ಇದ್ದವು. ಅಳಿಯನ ಮಂಡಿ ಸಣ್ಣಗೆ ಅದುರತೊಡಗಿತು. ಆ ಅದುರುವಿಕೆಯನ್ನು ಅವಳು ವರ್ಷಗಟ್ಟಲೆ ನೋಡಿದ್ದಳು. 

ಡ್ರೈವರಣ್ಣ ತಲೆ ಮಾತ್ರ ತಿರುಗಿಸಿದ.

"ತಂಗೀ, ನೀನೇ ಬಡೀಬೇಕು."

"ನನ್ನ ಕೈಲಾಗಲ್ಲ ಅಣ್ಣಾ."

"ನೀನು ಬಡಿದ್ರೇ ಅವನು ಹೊರಡೋದು."

"ಅವತ್ತೂ ನಾನೇ ಬಡಿದೆ!" ಬಾಯಿಗೆ ಹಾಕಿದ್ದ ಬೀಗ ಕಿತ್ತುಹೋಯಿತು. "ಸೌಟು ಬಡಿದೆ. ಹಿಂದೆ ನಾನಿರಲಿಲ್ಲ. ನನ್ನ ತಪ್ಪು ಮುಚ್ಚೋಕೆ ಸಾಯೋ ಮನುಷ್ಯ ಸುಳ್ಳು ಹೇಳಿದ್ರು."

ಮಗಳು ಅವಳನ್ನು ಅಪರಿಚಿತಳ ಹಾಗೆ ನೋಡಿದಳು. ಆಮೇಲೆ ಮುಖ ತಿರುಗಿಸಿಕೊಂಡಳು.

"ಹೊತ್ತಾಗ್ತಿದೆ," ಅಂದ ಡ್ರೈವರಣ್ಣ ಮೆಲ್ಲಗೆ. "ನನ್ನ ಭುಜ ಸೋಲ್ತಿದೆ ತಂಗಿ."

ಅವಳು ಪೆಟ್ಟಿಗೆಯ ಹಿಂದೆ ಹೋಗಿ ನಿಂತಳು. ಎಡಗೈಯನ್ನು ಗೇಣು ದೂರದಲ್ಲಿ ಚಾಚಿದಳು. ಬಲಗೈಯಿಂದ ಪೆಟ್ಟಿಗೆಯ ಹಲಗೆಗೆ ಬಡಿದಳು. ಟಪ್, ಟಪ್. ಎಂಟು ಪಾದಗಳೂ ಒಟ್ಟಿಗೇ ಹೊರಟು ಹೊಸ್ತಿಲು ದಾಟಿದವು.

*

ಎಲ್ಲ ಮುಗಿಸಿ ಬರುವಾಗ ಸಂಜೆಯಾಗಿತ್ತು.  ಅಳಿಯ ಜನರನ್ನು ಕಳಿಸಿಕೊಡಲು ಹೊರಗೇ ನಿಂತ. ತಾಯಿ ಪಡಸಾಲೆಯ ಖಾಲಿ ಬೆಂಚಿನ ಮೇಲೆ ಕೂತಳು. ಮಗಳು ಅಡುಗೆಮನೆಗೆ ಹೋಗಿ, ತಾಯಿಗೆ ಕೊಡಲೋ ಬೇಡವೋ ಎಂಬ ಸಿಟ್ಟಿನಲ್ಲೇ ಹಾಲು ಕಾಯಿಸಲು ಇಟ್ಟಳು. ಉಕ್ಕಿಬಂತು. ಉರಿ ಸಣ್ಣ ಮಾಡಿದಳು, ಕಲಕಿದಳು, ಸೌಟನ್ನು ಪಾತ್ರೆಯ ಅಂಚಿಗೆ ಬಡಿದಳು.

ಟಣ್, ಟಣ್.

ಕೈ ಗಾಳಿಯಲ್ಲೇ ನಿಂತಿತು. ತಾನು ಬಡಿದದ್ದು ತನಗೇ ಗೊತ್ತಾಗಿರಲಿಲ್ಲ. ಇಷ್ಟು ಸುಲಭವೇ, ಅನ್ನಿಸಿತು. ಅಮ್ಮಾ ಅಂತ ಕೂಗಬೇಕು ಅನ್ನುವಷ್ಟರಲ್ಲಿ ಪ್ಯಾಸೇಜಿನಲ್ಲಿ ಚಪ್ಪಲಿ ಸರಿದ ಸದ್ದಾಯಿತು. ಒಂದು ಪಟ್ಟಿಯ ಹೊತ್ತು ಬಿಟ್ಟು ಇನ್ನೊಂದು.

ತಾಯಿ ಬೆಂಚಿನಿಂದ ಎದ್ದು ಓಡಿಬಂದ ರಭಸಕ್ಕೆ ಸೆರಗು ಪೈಪಿಗೆ ಸಿಕ್ಕಿ ಹರಿಯಿತು. ಅಡುಗೆಮನೆಯ ಕಡೆಯಿಂದ ಮೂರನೆಯ ಪಟ್ಟಿಯ ಹತ್ತಿರ ಅವಳು ಗಕ್ಕನೆ ನಿಧಾನವಾಗಿ ಪಡಸಾಲೆಯ ಕಡೆಗೆ ತಿರುಗಿದಳು. ಎಡಗೈ ಮುಂದೆ ಚಾಚಿ, ಗೇಣು ಬಿಟ್ಟು, ಏನನ್ನೂ ಮುಟ್ಟದೆ, ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದೆ ಹಿಂದೆ ನಡೆದಳು. ನಾಲ್ಕು, ಐದು, ಆರು. ಹತ್ತನೆಯ ಪಟ್ಟಿ ದಾಟಿದ ಮೇಲೆ ಬಸ್ಸು ತಿರುಗುವ ಹಾಗೆ ಅಗಲವಾಗಿ ಸುತ್ತಿಕೊಂಡು ಅಡುಗೆಮನೆಯತ್ತ ವಾಪಸು ಬರತೊಡಗಿದಳು.

"ಇದೀನಿ ರೀ," ಅನ್ನುತ್ತಿದ್ದಳು. "ಹಿಂದೇನೇ ಇದೀನಿ."

ಅವಳು ಹತ್ತಿರ ಬಂದಾಗ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಸೌಟನ್ನು ಎದೆಗೆ ಒತ್ತಿಕೊಂಡು, ಬೆನ್ನನ್ನು ಗೋಡೆಗೆ ಅಂಟಿಸಿ, ಇಬ್ಬರು ಹೋಗುವಷ್ಟು ದಾರಿ ಬಿಟ್ಟಳು.