ಹೊಳಪು ಬಿಡದ ಚೆಂಡು

ಹಿತ್ತಲ ಶೆಡ್ಡಿನಲ್ಲಿ, ಮನೆಯವರೆಲ್ಲ ತರಲೆ ಎಂದು ಕರೆಯುವ ಮಗಳು ಮೂರನೆಯ ಸಲ ಅಪ್ಪನ ಬೌಲಿಂಗ್ ಚೆಂಡನ್ನು ರಬ್ಬರ್ ಬಳೆಯ ಮೇಲೆ ಕೂರಿಸಿ, ನೀರು ಚಿಮುಕಿಸಿ, ಸ್ಯಾಂಡ್‌ಪೇಪರ್ ಒತ್ತಿ ಉಜ್ಜತೊಡಗಿದಳು. ನಾಲ್ಕು ಗಂಟೆಗೆ ಅಪ್ಪನನ್ನು ಮಣ್ಣಿಗೆ ಒಯ್ಯಲು ಎತ್ತುತ್ತಾರೆ. ಅಷ್ಟರೊಳಗೆ ಇದರ ಹೊಳಪು ಹೋಗಬೇಕು.

ಬೆಳಿಗ್ಗೆಯಿಂದ ಎರಡು ಸಲ ಉಜ್ಜಿದ್ದಳು. ಎರಡು ಸಲವೂ ಚೆಂಡು ಸ್ಲೇಟಿನಂತೆ ಮಂಕಾಗಿತ್ತು. ಒಳಗೆ ಹೋಗಿ, ಬಂದವರಿಗೆ ಕುರ್ಚಿ ಹಾಕಿ ಬರುವಷ್ಟರಲ್ಲಿ ಮತ್ತೆ ಕನ್ನಡಿ. ಶೆಡ್ಡಿನ ಬೀಗದ ಕೈ ಅವಳ ಜೇಬಿನಲ್ಲೇ ಇತ್ತು.

ನಡುಮನೆಯಿಂದ ಅತ್ತೆಯ ದನಿ ಕೇಳಿಸಿತು. "ನಮ್ಮಣ್ಣ ಮೂವತ್ತು ವರ್ಷ ಊರೋರ ಚೆಂಡೆಲ್ಲ ಉಜ್ಜಿದ. ಅವನ ತಲೆ ಮಾತ್ರ ಉಜ್ಜದೇನೇ ಹೊಳೀತಿತ್ತು."

ಯಾರೋ ಕಿಸಕ್ಕೆಂದರು. ಆಮೇಲೆ ಅತ್ತೆಯೇ ಬಿಕ್ಕಿದಳು.

ಬಾಗಿಲಲ್ಲಿ ಪಿನ್ ಮಾಮ ನಿಂತಿದ್ದ. ಬೌಲಿಂಗ್ ಹಾಲ್‌ನಲ್ಲಿ, ಚೆಂಡು ಉರುಳಿಸಿ ಬೀಳಿಸುವ ಪಿನ್‌ಗಳನ್ನು ಎತ್ತಿ ನಿಲ್ಲಿಸುವ ಯಂತ್ರ ನೋಡಿಕೊಳ್ಳುವವನು, ಅಲ್ಲೇ ಚೆಂಡು ಉಜ್ಜುತ್ತಿದ್ದ ಅಪ್ಪನ ಜೊತೆಗಾರ.

"ಏನೇ, ಅಪ್ಪ ಒಳಗೆ ಮಲಗಿದಾನೆ, ನೀನಿಲ್ಲಿ ಓವರ್‌ಟೈಮ್ ಮಾಡ್ತಿದೀಯ?"

"ಇದು ಅಪ್ಪನ ಜೊತೆ ಮಣ್ಣಿಗೆ ಹೋಗ್ಬೇಕು ಮಾಮ. ಅಪ್ಪ ಉಜ್ಜಿಟ್ಟಿದ್ದ ಥರಾನೇ."

\*

ಆಗ ಅವಳಿಗೆ ಹದಿನಾರು. ಮರುದಿನ ಬೌಲಿಂಗ್ ಹಾಲ್‌ನ ಕೆಲಸಗಾರರ ಪಂದ್ಯದ ಫೈನಲ್. ಅಪ್ಪ ಜೀವಮಾನದಲ್ಲಿ ಮುಟ್ಟಿದ್ದು ಅದೊಂದೇ ಫೈನಲ್.

"ಹೊಳೆಯೋ ಚೆಂಡು ಜಾರ್ಕೊಂಡು ನೇರ ಹೋಗುತ್ತೆ. ಮಂಕಾಗಿದ್ರೇನೇ ನೆಲ ಹಿಡಿದು ತಿರುಗೋದು," ಎಂದು ಅರ್ಧ ದಿನ ಉಜ್ಜಿ ಊಟಕ್ಕೆದ್ದ.

ಅವಳು ಪಾಲಿಶ್ ಬಳಿದು, ಬಟ್ಟೆ ಹಿಡಿದು, ಮುಖ ಕಾಣುವಂತೆ ಮಾಡಿಟ್ಟಳು. ಬರೀ ತಮಾಷೆಗೆ. ಕೊನೆಗೆ ಅಪ್ಪ ಮಾಡುವಂತೆಯೇ ಚೆಂಡಿಗೆ 'ಹಾ' ಎಂದು ಉಸಿರು ಬಿಟ್ಟು ನೋಡಿದಳು. ಆವಿ ಎಲ್ಲ ಕಡೆಯಿಂದ ಸಮನಾಗಿ ಕರಗಿದರೆ ಪಾಲಿಶ್ ಪಾಸು. ಕರಗಿತು.

ಅಪ್ಪ ಕೂಗಾಡುತ್ತಾನೆ, ಒಂದು ಭರ್ಜರಿ ಸೀನ್ ಆಗುತ್ತೆ, ಆಮೇಲೆ ಮತ್ತೆ ಉಜ್ಜಿಕೊಳ್ಳುತ್ತಾನೆ ಎಂದುಕೊಂಡಿದ್ದಳು. ಅಪ್ಪ ಬಂದು ಚೆಂಡನ್ನು ಸುಮ್ಮನೆ ಚೀಲಕ್ಕೆ ಹಾಕಿಕೊಂಡ.

ಮರುದಿನ ಚೆಂಡು ನೇರ ಜಾರಿತು. ಅಪ್ಪ ಸೋತ. ನಾನೇ ಮಾಡಿದ್ದು ಎನ್ನಲು ಅವಳಿಗೆ ಹನ್ನೆರಡು ವರ್ಷ ಸಾಲಲಿಲ್ಲ.

\*

ಈಗ ಮಾಮನಿಗೆ ಹೇಳಿದಳು. ಕೈ ನಿಲ್ಲಿಸಲಿಲ್ಲ.

"ಅವನಿಗೆ ಗೊತ್ತಿತ್ತು ಕಣೇ," ಎಂದ ಮಾಮ.

"ಸಮಾಧಾನಕ್ಕೆ ಡೈಲಾಗ್ ಹೊಡೀಬೇಡ."

"ಕಣ್ಮುಚ್ಚಿ ಬೆರಳಿಟ್ರೆ ಯಾವ ನಂಬರ್ ಪೇಪರಲ್ಲಿ ಉಜ್ಜಿದ್ದು ಅಂತ ಹೇಳೋನು ಅವ್ನು. ಅವತ್ತು ಹಾಲ್‌ನಲ್ಲಿ ಚೀಲ ಬಿಚ್ಚಿದಾಗ ನಾನೇ ಅಂದೆ, ಇನ್ನೂ ಟೈಮಿದೆ, ಕೊಡು, ಉಜ್ಜಿಬಿಡ್ತೀನಿ ಅಂತ. ಕೊಡ್ಲಿಲ್ಲ. 'ಒಂದು ಗೆರೆ ಇಲ್ದಂಗೆ ಮಾಡಿದಾಳೆ ನೋಡೋ. ಇದ್ನ ಹೆಂಗೋ ಕೆಡಿಸ್ಲಿ?' ಅಂದ."

ಅವಳ ಕೈ ನಿಂತಿತು.

"ಬಾರೇ, ಎತ್ತೋ ಹೊತ್ತಾಯ್ತು," ಎಂದು ಅಮ್ಮ ಒಳಗಿನಿಂದ ಕರೆದಳು. ಮಾಮ ಹೊರಟ.

ಅವಳು ಸ್ಯಾಂಡ್‌ಪೇಪರ್ ಕೆಳಗಿಟ್ಟಳು. ಅವಳ ಕಣ್ಣೆದುರೇ ಮಂಕು ಹಿಂದೆ ಸರಿಯಿತು. ಮೊದಲು ಕಿಟಕಿ ಕಾಣಿಸಿತು, ಆಮೇಲೆ ಅವಳ ಮುಖ. ಅವಳು ಉಸಿರು ಬಿಗಿಹಿಡಿದಳು.

ಮುಖದ ಪಕ್ಕದಲ್ಲಿ, ಚೆಂಡಿನ ಮೇಲೆ, ಬಾಯಿಯಗಲ ಆವಿ ಮೂಡಿತು. ಎಲ್ಲ ಕಡೆಯಿಂದ ಸಮನಾಗಿ, ನಿಧಾನಕ್ಕೆ, ಕರಗಿತು.